ಬಿದಿರು ಮೊಳೆ ಕೊರೆದ ಹಲ್ಲು

ಅಶಿದಾ ಯಸುಜಿಯ ಬಾಯಿ ಬೆಳಿಗ್ಗೆ ಎಂಟಕ್ಕೆ ಮುಚ್ಚಿದರೆ ಹತ್ತು ಗಂಟೆಯ ಚಹಾಕ್ಕೇ ತೆರೆಯುವುದು. ಅದು ಬಿಗುಮಾನವೂ ಅಲ್ಲ, ಮುನಿಸೂ ಅಲ್ಲ. ಕೆನ್ನೆಯೊಳಗೆ ಮೂವತ್ತು ಬಿದಿರು ಮೊಳೆ ತುಂಬಿಕೊಂಡವನು ಮಾತಾಡುವುದಾದರೂ ಹೇಗೆ?

ಜಪಾನಿನ ತಾಂಬಾ ಬೆಟ್ಟಸೀಮೆಯಲ್ಲಿ ಹಳೆಯ ಗುಡಿಗಳ ಚಾವಣಿಗೆ ಹಿನೋಕಿ ಮರದ ತೊಗಟೆ ಹೊದಿಸುವ ಕಸುಬು ಅವನದು. ತೊಗಟೆಯ ಮೇಲೆ ತೊಗಟೆ, ಒಂದಕ್ಕಿಂತ ಒಂದು ಬೆರಳಗಲ ಹಿಂದಕ್ಕೆ, ಹೀಗೆ ಸಾಲು ಸಾಲಾಗಿ ಇಟ್ಟು ಮೊಳೆ ಬಡಿಯುತ್ತಾ ಮೇಲೇರಬೇಕು. ಎಡಗೈ ತೊಗಟೆಯನ್ನು ಅದುಮಿ ಹಿಡಿದಿರುತ್ತದೆ, ಬಲಗೈಯಲ್ಲಿ ಸುತ್ತಿಗೆ. ಮೊಳೆ ಎತ್ತಿಕೊಡಲು ಮೂರನೆಯ ಕೈ ಬೇಕಲ್ಲ, ಅದೇ ನಾಲಿಗೆ. ಕೆನ್ನೆಯ ರಾಶಿಯಿಂದ ಒಂದನ್ನು ಹೆಕ್ಕಿ, ಮೊನೆ ಯಾವುದು ತಲೆ ಯಾವುದು ಎಂದು ತಡವಿ, ತಲೆಯನ್ನು ಮುಂದೆ ಮಾಡಿ ತುಟಿಯ ಸಂದಿಗೆ ತಂದು ನಿಲ್ಲಿಸುತ್ತದೆ. ಸುತ್ತಿಗೆ ಹಿಡಿದ ಕೈಯ ಎರಡು ಬೆರಳು ಅದನ್ನು ಕಿತ್ತುಕೊಂಡು, ತೊಗಟೆಗೆ ಚುಚ್ಚಿ, ಎರಡೇಟು ಹಾಕಿ ಮುಗಿಸುವಷ್ಟರಲ್ಲಿ ಮುಂದಿನದು ತುಟಿಯಲ್ಲಿ ಸಿದ್ಧವಾಗಿರುತ್ತದೆ. ಟಕ್, ಟಕ್‌ಟಕ್. ಟಕ್, ಟಕ್‌ಟಕ್. ಯಸುಜಿಯ ಸುತ್ತಿಗೆಯ ಸದ್ದು ಕೇಳಿ ಕೆಳಗಿನ ಗದ್ದೆಯವರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು.

ಹದಿನಾರರ ವಯಸ್ಸಿನಲ್ಲಿ ಸೋದರಮಾವನ ಹಿಂದೆ ಏಣಿ ಹತ್ತಿದವನು ಅವನು. ಮೊದಲ ವರ್ಷವೇ ಐದು ಮೊಳೆ ನುಂಗಿದ. ತಾಯಿ ಗಾಬರಿಬಿದ್ದು ಅತ್ತರೆ ಮಾವ, ಬಿದಿರು ತಾನೇ, ಹೋದ ದಾರಿಯಲ್ಲಿ ಹೋಗಲಿ ಎಂದು ನಕ್ಕಿದ್ದ. ಆ ಮಾವನೇ ಎಪ್ಪತ್ತರ ಹೊತ್ತಿಗೆ ನಾಲಿಗೆ ಮಂದವಾಗಿ, ಒಂದು ಬೆಳಿಗ್ಗೆ ಸೊಂಟಕ್ಕೆ ಮೊಳೆಯ ಚೀಲ ಕಟ್ಟಿಕೊಂಡು ಏಣಿಯವರೆಗೆ ಬಂದ, ಅಲ್ಲೇ ನಿಂತ, ಹತ್ತಲಿಲ್ಲ. ಆಮೇಲೆ ಬದುಕಿದ್ದಷ್ಟು ದಿನ ಕೆಳಗೆ ಕೂತು ತೊಗಟೆ ನೆನೆಸಿ, ಆರಿಸಿ, ಕಟ್ಟು ಕಟ್ಟಿಕೊಟ್ಟ. ಚೀಲದಿಂದ ಮೊಳೆ ತೆಗೆಯುವವನಿಗೆ ಚಾವಣಿಯ ಮೇಲೆ ಜಾಗವಿಲ್ಲ. ಇದನ್ನು ಯಾರೂ ಬರೆದಿಟ್ಟದ್ದಲ್ಲ, ಯಾರೂ ಮೀರಿದ್ದೂ ಇಲ್ಲ.

ಯಸುಜಿಗೆ ಇನ್ನೊಂದು ಗುಣವಿತ್ತು. ಯಾವ ವಸ್ತುವಾದರೂ ಸರಿ, ಅದು ಹಾಗೇಕಿದೆ ಎಂದು ತಿಳಿಯದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಹಳೆಯ ಹೊದಿಕೆ ಬಿಚ್ಚುವಾಗ ಬೇರೆಯವರು ಕಿತ್ತು ಎಸೆದರೆ ಇವನು ಕೂತು ನೋಡುವನು. ಎಂಬತ್ತು ವರ್ಷದ ಹಿಂದೆ ಮೊಳೆ ಬಡಿದವನು ಗಟ್ಟಿಗನೋ, ಅವಸರದವನೋ, ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸುತ್ತಿದ್ದನೋ, ಎಲ್ಲವನ್ನೂ ಮೊಳೆಯಿಂದಲೇ ಓದುವನು. ಒಂದೇ ಒಂದು ಚಾವಣಿ ಅವನಿಗೆ ಓದಲು ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದು ಹಳೆಯ ಗುಡಿಯ ಹೊದಿಕೆ ಬಿಚ್ಚಿದಾಗ, ಕೆಳಗಿನ ಅರ್ಧದ ಮೊಳೆಗಳೆಲ್ಲ ಕೂದಲೆಳೆಯಷ್ಟು ಎಡಕ್ಕೆ ವಾಲಿದ್ದವು, ಮೇಲಿನ ಅರ್ಧದವು ಬಲಕ್ಕೆ. ಕೈ ಒಬ್ಬನದೇ, ಏಟಿನ ಗುರುತು ನೋಡಿದರೆ ಅನುಮಾನವೇ ಇರಲಿಲ್ಲ. ನಡುವೆ ಆ ಮನುಷ್ಯನಿಗೆ ಏನಾಯಿತು? ಇದು ಯಸುಜಿಯ ತಲೆಯೊಳಗೆ ಸೇರಿಕೊಂಡ ಮುಳ್ಳು. ಕುಡಿದಾಗೆಲ್ಲ ಅದರ ಮಾತೆತ್ತುತ್ತಿದ್ದ.

ಅರವತ್ತಮೂರು ತುಂಬಿದ ವರ್ಷ, ನವೆಂಬರ್ ತಿಂಗಳು. ಬೆಟ್ಟದ ಮೇಲಿನ ಒಂದು ಸಣ್ಣ ಗುಡಿಯ ಉತ್ತರದ ಮಗ್ಗುಲು ಬಾಕಿ ಇತ್ತು. ಕೆಲಸಕ್ಕೆ ಇಬ್ಬರೇ: ಯಸುಜಿ, ಮತ್ತು ನಲವತ್ತು ವರ್ಷದಿಂದ ಅವನ ಪಕ್ಕದಲ್ಲೇ ಮೊಳೆ ಬಡಿದ ಒಗಿನೊ ತೊಕುಮಾತ್ಸು. ಹಿಮ ಬೀಳುವುದರೊಳಗೆ ಮುಗಿಸಬೇಕು. ಅಂಥ ಹೊತ್ತಿನಲ್ಲೇ ಯಸುಜಿಯ ಮೇಲಿನ ಸಾಲಿನ ಒಂದು ಹಲ್ಲು, ಎಡಗಡೆಯ ಕೋರೆಹಲ್ಲಿಗೆ ಅಂಟಿಕೊಂಡ ಮುಂಬಲ್ಲು, ತಣ್ಣೀರು ತಾಗಿದರೆ ಮಿಂಚು ಹೊಡೆದಂತೆ ಜುಮ್ಮೆನ್ನತೊಡಗಿತು. ಹೆಂಡತಿ ಫುಸಾಯೆ ಎರಡು ವಾರ ಹೇಳಿ ನೋಡಿ, ಮೂರನೆಯ ವಾರ ತಾನೇ ಹೆಸರು ಬರೆಸಿ ಬಂದಳು.

ಹಲ್ಲಿನ ಡಾಕ್ಟರ್ ಹೊಸೊಮಿ, ರೈಲು ನಿಲ್ದಾಣದ ಎದುರು ಅಪ್ಪ ನಡೆಸುತ್ತಿದ್ದ ಆಸ್ಪತ್ರೆಯನ್ನು ಆ ವರ್ಷವಷ್ಟೇ ವಹಿಸಿಕೊಂಡಿದ್ದ ಹೆಣ್ಣುಮಗಳು. ಮೊದಲು ಒಂದು ಕಾಗದ ತುಂಬಿಸಬೇಕಿತ್ತು. ಕಸುಬು ಯಾವುದು ಎಂಬಲ್ಲಿ ಯಸುಜಿ ‘ಕಟ್ಟಡ ಕೆಲಸ’ ಎಂದು ಬರೆದ. ತೊಗಟೆ ಹೊದಿಸುವವನು ಎಂದು ಬರೆದರೆ ಆ ಹುಡುಗಿ ಅದೇನು ಎಂದು ಕೇಳುತ್ತಾಳೆ, ಇವನು ಹೇಳಬೇಕು, ಹೊರಗೆ ಕಾಯುತ್ತಿರುವವರಿಗೆ ಹೊತ್ತಾಗುತ್ತದೆ. ಇನ್ನೊಬ್ಬರಿಗೆ ಯಾಕೆ ತೊಂದರೆ ಎಂಬುದು ಅವನಿಗೆ ತಾಯಿಯ ಹಾಲಿನೊಂದಿಗೇ ಬಂದ ಮಾತು.

ಸೂಜಿ ಚುಚ್ಚಿ ಒಸಡು ಮರಗಟ್ಟಿಸಿದಳು. ಹುಳುಕು ಕೊರೆದು ತೆಗೆದಳು. ಹಲ್ಲಿನದೇ ಬಣ್ಣದ ಮೆತ್ತನೆಯ ಸಿಮೆಂಟನ್ನು ಪದರ ಪದರವಾಗಿ ತುಂಬಿ, ಒಂದೊಂದು ಪದರಕ್ಕೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದಳು. ಯಸುಜಿ ನೋವನ್ನು ಮರೆತು ಕಣ್ಣು ಹೊರಳಿಸಿ ಹೊರಳಿಸಿ ನೋಡುತ್ತಿದ್ದ. ಪದರ ಇಡುವ ಕೈ ಯಾರದಾದರೂ ಅವನಿಗೆ ಗೌರವ. ಹಲ್ಲಿನ ಅಂಚು ಕೂಡ ಸವೆದು ಹೋಗಿತ್ತು, ಅದನ್ನೂ ತುಂಬಿ ಹುಟ್ಟಿದಾಗ ಇದ್ದ ಹಾಗೆ ಮಾಡಿದ್ದೇನೆ ಎಂದು ಡಾಕ್ಟರಮ್ಮ ಹೇಳಿದಳು. ಕಚ್ಚಿ ನೋಡಿ, ಏನಾದರೂ ವ್ಯತ್ಯಾಸ ಅನ್ನಿಸುತ್ತದೆಯೇ ಎಂದು ಎರಡೆರಡು ಸಲ ಕೇಳಿದಳು. ಅರ್ಧ ಮುಖ ಅವನದಲ್ಲವೇ ಅಲ್ಲ ಎನ್ನುವ ಹಾಗಿತ್ತು. ಆದರೂ ಯಸುಜಿ ಚೆನ್ನಾಗಿದೆ, ಚೆನ್ನಾಗಿದೆ ಎಂದು ಎರಡೆರಡು ಸಲ ತಲೆಬಾಗಿದ.

ಆಮೇಲೆ ಅವಳು ಹೇಳಿದ ಪಥ್ಯವನ್ನು ಅವನು ಅಕ್ಷರ ಬಿಡದೆ ಮನಸ್ಸಿಗೆ ಹಾಕಿಕೊಂಡ. ಮರಗಟ್ಟಿದ್ದು ಬಿಡುವ ತನಕ ಏನೂ ತಿನ್ನಬಾರದು, ತಿಂದರೆ ತನ್ನ ಕೆನ್ನೆಯನ್ನೇ ಕಚ್ಚಿಕೊಂಡದ್ದು ಗೊತ್ತಾಗುವುದಿಲ್ಲ. ಎರಡು ದಿನ ಬಣ್ಣ ಹಿಡಿಯುವ ಪದಾರ್ಥ ಮುಟ್ಟಬಾರದು. ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕು, ಮಲಗುವ ಮುಂಚೆ ಸಂದಿಯಲ್ಲಿ ದಾರ ಆಡಿಸಬೇಕು. ಗಟ್ಟಿ ಪದಾರ್ಥವನ್ನು ಆ ಹಲ್ಲಿನಿಂದ ಕಚ್ಚಬಾರದು. ತಣ್ಣಗಿನದಕ್ಕೆ ಒಂದೆರಡು ವಾರ ಜುಮ್ಮೆಂದರೆ ಹೆದರಬೇಕಿಲ್ಲ. ನಾಲಿಗೆಗೆ ಕೆಲವು ದಿನ ಹೊಸ ಜಾಗದ ಹಾಗೆ ಅನ್ನಿಸುತ್ತದೆ. ವಾರವಾದರೂ ಹೋಗದಿದ್ದರೆ ಬರಬೇಕು, ಹೋದರೆ ಆರು ತಿಂಗಳಿಗೆ ಬಂದು ತೋರಿಸಬೇಕು.

ಬಣ್ಣ ಹಿಡಿಯುವುದು ಎಂದರೆ ಫುಸಾಯೆಯ ಅಡುಗೆಮನೆಯಲ್ಲಿ ಏನುಳಿಯಿತು? ಸೋಯಾ ಸಾರಿಲ್ಲ, ಹುರಿದ ಚಹಾ ಇಲ್ಲ, ಉಪ್ಪಿನಲ್ಲಿ ಹಾಕಿದ ಕೆಂಪು ಹುಳಿಹಣ್ಣಿಲ್ಲ. ತಾಂಬಾದಲ್ಲಿ ಹುಟ್ಟಿದವನ ಮುಂದೆ ಆ ಸುಗ್ಗಿಯ ಕರಿ ಸೋಯಾಕಾಳು ಕುದಿಯುತ್ತಿದ್ದರೂ ಒಂದು ಕಾಳು ಬಾಯಿಗಿಲ್ಲ. ಬಿಳಿ ಗಂಜಿ, ಬಿಳಿ ತೋಫು, ಬೇಯಿಸಿದ ಬಿಳಿ ಮೂಲಂಗಿ, ಬಿಸಿನೀರು.

“ಯಾರಾದ್ರೂ ಒಳಗೆ ಬಂದ್ರೆ ನಮ್ಮನೇಲಿ ಯಾರೋ ತೀರ್ಕೊಂಡವ್ರೆ ಅಂದ್ಕೋತಾರೆ” ಎಂದು ಯಸುಜಿ ತಟ್ಟೆ ನೋಡಿ ಗೊಣಗಿದ.

“ತೀರ್ಕೊಂಡಿರೋದು ನಿಮ್ಮ ಹುಳುಕು” ಎಂದಳು ಫುಸಾಯೆ. “ನಲವತ್ತು ವರ್ಷ ನೀವು ಬಾಯಿಬಿಟ್ಟಿದ್ದು ಚಹಾಕ್ಕೆ, ಊಟಕ್ಕೆ. ಎರಡು ದಿನ ನಂಜೊತೆ ಮಾತಾಡೋಕೂ ಬಿಡಿ.”

ಅವನೇನೂ ಪಥ್ಯ ತಪ್ಪುವವನಲ್ಲ. ಹಳೆಯ ಚಾವಣಿಗೆ ಹೊಸ ತೊಗಟೆಯ ತೇಪೆ ಹಾಕಿದ ಮೇಲೆ ಅದರ ಮೇಲೆ ಕಾಲಿಡಬಾರದು ಎಂದು ಎಲ್ಲರಿಗೂ ಹೇಳಿಕೊಂಡು ಬಂದವನೇ ಅವನು. ಗಟ್ಟಿ ಪದಾರ್ಥದ ವಿಷಯದಲ್ಲಿ ಮಾತ್ರ ತನ್ನೊಳಗೇ ಒಂದು ನ್ಯಾಯ ತೀರ್ಮಾನಿಸಿಕೊಂಡ: ಮೊಳೆಯನ್ನು ಯಾರೂ ಕಚ್ಚುವುದಿಲ್ಲ, ಇಟ್ಟುಕೊಳ್ಳುತ್ತಾರೆ ಅಷ್ಟೆ.

ಮೂರನೆಯ ದಿನ ಏಣಿ ಹತ್ತಿ, ಎಂದಿನಂತೆ ಒಂದು ಹಿಡಿ ಮೊಳೆಯನ್ನು ಕೆನ್ನೆಗೆ ತುಂಬಿಕೊಂಡ. ಮೊದಲನೆಯದು ಮೊನೆ ಮುಂದಾಗಿ ಬಂದು ಬೆರಳಿಗೆ ಚುಚ್ಚಿತು. ಎರಡನೆಯದು ತುಟಿಯವರೆಗೆ ಬಂದು ಅಡ್ಡ ಮಲಗಿತು. ಮೂರನೆಯದು ಜಾರಿ, ಚಾವಣಿಯ ಇಳಿಜಾರಿನಲ್ಲಿ ಟಕಟಕನೆ ಉರುಳಿ ಕೆಳಗೆ ಬಿತ್ತು. ಆ ಸಣ್ಣ ಸದ್ದಿಗೆ ಒಗಿನೊ ತಿರುಗಿ ನೋಡಿದ. ನಲವತ್ತು ವರ್ಷದಲ್ಲಿ ಅವನು ಹಾಗೆ ತಿರುಗಿ ನೋಡಿದ್ದಿಲ್ಲ.

ಹತ್ತು ಗಂಟೆಯ ಚಹಾದ ಹೊತ್ತಿಗೆ ಒಗಿನೊ ಮೊಳೆಗಳನ್ನು ಅಂಗೈಗೆ ಉಗುಳಿ, “ಏನಯ್ಯಾ, ಡಾಕ್ಟರಮ್ಮ ಹಲ್ಲಿನ ಜೊತೆ ನಾಲಿಗೇನೂ ಬದಲಾಯಿಸಿ ಕಳಿಸಿದ್ಳಾ?” ಎಂದ. ಯಸುಜಿ ನಕ್ಕ.

ಹೊಸ ಜಾಗದ ಹಾಗೆ ಅನ್ನಿಸುತ್ತದೆ ಎಂದು ಹೇಳಿಯೇ ಇದ್ದಳಲ್ಲ ಎಂದು ನಾಲ್ಕನೆಯ ದಿನವೂ ಸಹಿಸಿದ, ಐದನೆಯ ದಿನವೂ ಸಹಿಸಿದ. ಸುತ್ತಿಗೆ ಟಕ್ ಎನ್ನುವುದು, ಆಮೇಲೆ ಮೌನ, ಆಮೇಲೆ ಇನ್ನೊಂದು ಟಕ್. ಕುಂಟನ ನಡಿಗೆಯ ಹಾಗೆ. ಎರಡು ಸಾಲು ಮುಗಿಸುವ ಹೊತ್ತಿನಲ್ಲಿ ಅರ್ಧ ಸಾಲೂ ಮುಗಿಯುತ್ತಿರಲಿಲ್ಲ. ಒಗಿನೊ ತನ್ನ ಪಾಲನ್ನು ಒಂದು ಮಾರು ಅಗಲ ಮಾಡಿಕೊಂಡಿದ್ದ. ಯಸುಜಿಗೆ ಚುಚ್ಚಿದ್ದು ಅದೇ. ಐದನೆಯ ದಿನ ಸಂಜೆ ಏಣಿ ಇಳಿಯುವಾಗ, ಕೆಳಗೆ ಮಾವ ಕೂರುತ್ತಿದ್ದಂಥ ಒಂದು ಬರಿದಾದ ಚಾಪೆ ಅವನ ಕಣ್ಣಿಗೆ ಕಾಣಿಸಿದ ಹಾಗಾಯಿತು. ಅಲ್ಲಿ ಯಾವ ಚಾಪೆಯೂ ಇರಲಿಲ್ಲ.

ಮನೆಗೆ ಬಂದವನು ಕೈಕಾಲು ತೊಳೆದು ಸುಮ್ಮನೆ ಕೂರಲಿಲ್ಲ. ನಾಲಿಗೆಗೆ ವಯಸ್ಸಾಗಿದೆ ಎನ್ನುವುದಾದರೆ ಆಗಲಿ, ಆದರೆ ಅದನ್ನು ಕಣ್ಣಾರೆ ಕಂಡೇ ಒಪ್ಪಬೇಕು. ಒಂದು ಬಟ್ಟಲಿನಲ್ಲಿ ಕರಿ ಸೋಯಾಕಾಳು, ಇನ್ನೊಂದರಲ್ಲಿ ಕೆಂಪು ಅಲಸಂದೆಯಂಥ ಸಣ್ಣ ಕಾಳು ಇಟ್ಟು, ಬೆರೆಸಿ ತನ್ನ ಬಾಯಿಗೆ ಹಾಕು ಎಂದು ಫುಸಾಯೆಗೆ ಹೇಳಿದ. ಕಣ್ಣು ಮುಚ್ಚಿಕೊಂಡು ನಾಲಿಗೆಯಲ್ಲೇ ಆರಿಸಿ, ಮೊದಲು ಸಣ್ಣವನ್ನೆಲ್ಲ ಉಗುಳಿದ, ಆಮೇಲೆ ದೊಡ್ಡವನ್ನು. ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ. ಫುಸಾಯೆ ಒಂದು ಅರ್ಧ ಮುರಿದ ಕಾಳನ್ನೂ ಕಳ್ಳತನದಿಂದ ಸೇರಿಸಿದ್ದಳು. ಅವನು ಅದನ್ನು ಬೇರೆ ತೆಗೆದು ಬಟ್ಟಲಿನ ಅಂಚಿಗೆ ಉಗುಳಿ, ಕಣ್ಣು ಬಿಟ್ಟು ಅವಳನ್ನು ನೋಡಿದ.

“ನಾಲಿಗೆ ಹದಿನೆಂಟರ ಹುಡುಗನದು” ಎಂದಳು ಅವಳು, ಬಟ್ಟಲು ಎತ್ತಿಕೊಳ್ಳುತ್ತಾ. “ಬೇರೆ ಏನೋ ಇದೆ. ಹುಡುಕಿ.”

ಆ ರಾತ್ರಿ ಯಸುಜಿ ಬೇಗ ನಿದ್ದೆ ಮಾಡಿದ. ಕಾರಣ ಗೊತ್ತಿಲ್ಲದ ಕಷ್ಟ ಅವನಿಗೆ ಅರ್ಧ ಕಷ್ಟ, ಇನ್ನರ್ಧ ಹಬ್ಬ.

ಆರನೆಯ ದಿನ ಚಹಾದ ಹೊತ್ತಿನಲ್ಲಿ ಒಗಿನೊ ಸಾರುವೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ಪರ್ಸಿಮನ್ ಹಣ್ಣು ಕಚ್ಚುತ್ತಿದ್ದ. ಕಚ್ಚಿದ ಹಣ್ಣಿನ ಮೇಲೆ ಹಲ್ಲಿನ ಗುರುತು ಮೂಡಿತ್ತು. ಯಸುಜಿ ಆ ಹಣ್ಣನ್ನೇ ನೋಡಿದ. ಸಾಲಾಗಿ ಬಿದ್ದ ಗುರುತುಗಳಲ್ಲಿ ಎಡಕ್ಕೆ ಒಂದು ಕಡೆ ತಿರುಳು ಕತ್ತರಿಸಿಹೋಗದೆ ಸಣ್ಣ ಏಣಾಗಿ ನಿಂತಿತ್ತು. ಹಣ್ಣಿನ ಮೇಲೆ ಏಣು ಇದ್ದರೆ ಹಲ್ಲಿನಲ್ಲಿ ತಗ್ಗು ಇರಬೇಕು.

“ಬಾಯಿ ತೆಗಿ” ಎಂದ ಯಸುಜಿ.

“ಯಾಕಯ್ಯಾ?”

“ತೆಗಿಯಯ್ಯಾ ಅಂದ್ರೆ.”

ಒಗಿನೊ ತೆಗೆದ. ಯಸುಜಿ ಅವನ ಗದ್ದ ಹಿಡಿದು ಸೂರ್ಯನ ಕಡೆಗೆ ತಿರುಗಿಸಿದ. ಎಡಗಡೆಯ ಕೋರೆಹಲ್ಲಿನ ಪಕ್ಕದ ಮುಂಬಲ್ಲಿನ ಅಂಚಿನಲ್ಲಿ ಒಂದು ಪುಟ್ಟ ಕಚ್ಚು. ಬಡಗಿ ಅರದಿಂದ ಉಜ್ಜಿ ಮಾಡಿದಷ್ಟು ನಯ. ಕಿಸೆಯಿಂದ ಒಂದು ಮೊಳೆ ತೆಗೆದು ಆ ಕಚ್ಚಿಗೆ ಇಟ್ಟ. ಒರೆಯಲ್ಲಿ ಕತ್ತಿ ಕೂತ ಹಾಗೆ ಕೂತಿತು. ತಲೆಕೆಳಗಾಗಿ ಇಟ್ಟರೆ ಮೊನೆಯ ಕಡೆ ಸಪೂರವಾದ್ದರಿಂದ ಗಡಗಡ ಅಲುಗಿತು. ನಾಲಿಗೆ ತಲೆಯೇ ಮುಂದಿದೆಯೆಂದು ಖಾತರಿ ಮಾಡಿಕೊಳ್ಳುತ್ತಿದ್ದದ್ದು ಇಲ್ಲಿ. ಇಷ್ಟು ವರ್ಷ ಪಕ್ಕದಲ್ಲಿ ಕೂತ ಇಬ್ಬರಲ್ಲಿ ಒಬ್ಬನಿಗೂ ಇದು ಗೊತ್ತಿರಲಿಲ್ಲ. ಕೆಲಸದಲ್ಲಿ ಇಬ್ಬರ ಬಾಯಿಯೂ ತುಂಬಿರುತ್ತಿತ್ತು.

ಕೆಳಗೆ ಗದ್ದೆಯಲ್ಲಿದ್ದ ಹೆಂಗಸೊಬ್ಬಳು ತಲೆಯೆತ್ತಿ, ಇಬ್ಬರು ಮುದುಕರು ಆಕಾಶದಲ್ಲಿ ಕೂತು ಒಬ್ಬರ ಬಾಯೊಳಗೆ ಒಬ್ಬರು ಇಣುಕುತ್ತಿರುವುದನ್ನು ನೋಡಿ, ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನಿಂತಳಂತೆ.

ಒಗಿನೊ ಬಾಯಿಂದ ಮೊಳೆ ತೆಗೆದು, “ನಿಂದು ಎಲ್ಲಿ?” ಎಂದು ಕೇಳಿದ.

ಯಸುಜಿ ತನ್ನ ಬಾಯಿ ತೆಗೆದು ತೋರಿಸಿದ. ಅಲ್ಲಿ ಹುಟ್ಟಿದಾಗ ಇದ್ದ ಹಾಗೆ ನೆಟ್ಟಗೆ, ಬೆಳ್ಳಗೆ, ಸೊಗಸಾದ ಹಲ್ಲೊಂದಿತ್ತು.

ಮಾರನೆಯ ದಿನ ಸರಿಯಾಗಿ ವಾರವಾಗಿತ್ತು. ಯಸುಜಿ ಕಿಸೆ ತುಂಬ ಮೊಳೆ ಹಾಕಿಕೊಂಡು ಡಾಕ್ಟರ್ ಹೊಸೊಮಿಯ ಮುಂದೆ ಕೂತ. ಈ ಸಲ ಯಾರಿಗೆ ತೊಂದರೆಯಾದರೂ ಸರಿಯೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೇಳಿ ಮುಗಿಸಿ, ಮೂವತ್ತು ಮೊಳೆ ಬಾಯಿಗೆ ತುಂಬಿಕೊಂಡು ತೋರಿಸಿದ. ಡಾಕ್ಟರಮ್ಮ ಮುಖಗವಸು ಕೆಳಗೆ ಸರಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಮೊಳೆ ಹುಳಿಯಾಗುವುದಿಲ್ಲವೇ, ಸಿಬಿರು ಏಳುವುದಿಲ್ಲವೇ, ಎಂಜಲು ನುಂಗುವುದು ಹೇಗೆ, ಕೆಮ್ಮು ಬಂದರೆ ಏನು ಗತಿ, ಒಂದಾದ ಮೇಲೊಂದು ಕೇಳಿದಳು. ಬಿದಿರನ್ನು ಹುರಿದಿರುತ್ತಾರೆ, ಅದಕ್ಕೆ ಹುಳಿಯಾಗುವುದಿಲ್ಲ ಎಂದು ಅವನು ಒಂದನ್ನು ಮೂಸಲು ಕೊಟ್ಟ. ಹೊರಗೆ ಕಾಯುತ್ತಿದ್ದವರು ಕಾಯುತ್ತಲೇ ಇದ್ದರು.

ಕೊನೆಗೆ ಅವಳು, “ಅಶಿದಾ-ಸಾನ್, ಅವತ್ತು ನಾನು ಎರಡು ಸಲ ಕೇಳಿದ್ನಲ್ಲ, ವ್ಯತ್ಯಾಸ ಇದೆಯಾ ಅಂತ?” ಎಂದಳು.

“ಕೇಳಿದ್ರಿ. ನಾನು ಎರಡು ಸಲ ಸುಳ್ಳು ಹೇಳಿದೆ.”

ಅವನು ಬಂದದ್ದು ಒಂದೇ ಬೇಡಿಕೆಗೆ: ತುಂಬಿದ ಸಿಮೆಂಟಿನಲ್ಲಿ ಹಳೆಯ ಕಚ್ಚನ್ನು ಮತ್ತೆ ಕೊರೆದು ಕೊಡಬೇಕು. ಐದು ನಿಮಿಷದ ಕೆಲಸ. ಆಮೇಲೆ ಅವನು ನೇರವಾಗಿ ಏಣಿ ಹತ್ತುವನು.

ಡಾಕ್ಟರಮ್ಮ ಸಣ್ಣ ಕನ್ನಡಿ ಹಿಡಿದು, ಅವನ ಕೈಗೂ ಒಂದು ಕನ್ನಡಿ ಕೊಟ್ಟು ತೋರಿಸಿದಳು. ಹುಳುಕು ಸಂದಿಯಿಂದ ಒಳಹೊಕ್ಕಿತ್ತು, ಕಚ್ಚು ಅಂಚಿನಿಂದ ಮೇಲೇರಿತ್ತು. ಎರಡರ ನಡುವೆ ಉಳಿದಿರುವ ಸ್ವಂತ ಹಲ್ಲು ಅಕ್ಕಿಕಾಳಿನಷ್ಟು. ಅದನ್ನು ಹಿಡಿದು ನಿಲ್ಲಿಸಿರುವುದು ಈ ತೇಪೆ.

“ಕೊರೆದು ಕೊಡೋಕೆ ನನಗೇನೂ ಕಷ್ಟ ಇಲ್ಲ” ಎಂದಳು. “ದಿನಕ್ಕೆ ಸಾವಿರಗಟ್ಲೆ ಮೊಳೆ ಅದರ ಮೇಲೆ ಜಾರಿದ್ರೆ ಒಂದು ವರ್ಷ ಬರಬಹುದು. ಆಮೇಲೆ ಮುರಿಯುತ್ತೆ. ಮುರಿದ್ರೆ ತೇಪೆ ಹಾಕೋಕೆ ಹಲ್ಲೇ ಇರಲ್ಲ. ಕೀಳಬೇಕು.”

ಒಂದು ವರ್ಷವೆಂದರೆ ಈ ಗುಡಿ ಮುಗಿಯುತ್ತದೆ, ಇನ್ನೊಂದೂ ಮುಗಿಯುತ್ತದೆ. ಯಸುಜಿ ಕನ್ನಡಿಯೊಳಗಿನ ಅಕ್ಕಿಕಾಳನ್ನು ನೋಡುತ್ತಾ ಕೂತ. ಹಳೆಯ ಸೂರಿಗೆ ತೇಪೆ ಹಾಕಿಸಿಕೊಂಡ ಪೂಜಾರಿಗಳು ಮಾರನೆಯ ದಿನವೇ ಅದರ ಮೇಲೆ ಹತ್ತಿ ಎಲೆ ಗುಡಿಸಿದಾಗ ತಾನು ಎಷ್ಟು ಬೈದಿದ್ದೇನೆ ಎಂಬುದು ನೆನಪಾಯಿತು. ಭಾರವನ್ನು ಪಕ್ಕದ ಗಟ್ಟಿ ಜಾಗಕ್ಕೆ ಹಾಕಿ ನಡೆಯಿರಿ ಎಂದು ಹೇಳುತ್ತಿದ್ದ.

ಬಾಯಿಯಲ್ಲಿ ಪಕ್ಕದ ಗಟ್ಟಿ ಜಾಗ ಯಾವುದು? ಮೆಲ್ಲಗೆ ನಾಲ್ಕು ಮೊಳೆಯನ್ನು ಬಲಗೆನ್ನೆಗೆ ಹಾಕಿಕೊಂಡ. ನಲವತ್ತೇಳು ವರ್ಷದಲ್ಲಿ ಆ ಕೆನ್ನೆ ಮೊಳೆಯ ಮುಖ ನೋಡಿರಲಿಲ್ಲ. ನಾಲಿಗೆ ಹೊಸ ಸೊಸೆಯ ಹಾಗೆ ಅತ್ತಿತ್ತ ತಡಕಾಡಿ, ಒಂದನ್ನು ಎತ್ತಿ ತುಟಿಗೆ ತಂದಿತು. ಮೊನೆ ಮುಂದೆ. ಇನ್ನೊಂದು, ಅಡ್ಡ. ಮೂರನೆಯದನ್ನು ನುಂಗಿದ. ಡಾಕ್ಟರಮ್ಮ ಎದ್ದುನಿಂತಳು.

“ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದ ಯಸುಜಿ. “ಮೊದಲ ವರ್ಷ ಐದು ನುಂಗಿದ್ದೆ. ಇನ್ನೂ ನಾಲ್ಕು ಬಾಕಿ ಇದೆ.”

ನಾಲ್ಕನೆಯದು ತಲೆ ಮುಂದಾಗಿ ಬಂತು. ಹಲ್ಲನ್ನು ಕೊರೆಸದೆ ಎದ್ದುಹೋದ.

ಚಾವಣಿಯ ಮೇಲೆ ಹತ್ತು ದಿನ ಅವನು ಹದಿನಾರರ ಹುಡುಗನಾದ. ಒಗಿನೊ ಕೆಳಗೆ ಬಿದ್ದ ಮೊಳೆಗಳನ್ನು ಆಯ್ದು, ತೊಳೆದು, ಚಹಾದ ಹೊತ್ತಿಗೆ ಬಟ್ಟಲಲ್ಲಿ ಇಡುತ್ತಿದ್ದ. ಹನ್ನೊಂದನೆಯ ದಿನ ಬಟ್ಟಲಿನಲ್ಲಿ ಆರೇ ಮೊಳೆ ಇದ್ದವು. ಒಗಿನೊ ಬಟ್ಟಲು ಅಲ್ಲಾಡಿಸಿ, “ಇವತ್ತು ದಕ್ಷಿಣೆ ಕಮ್ಮಿ” ಎಂದು, ಅಗಲ ಮಾಡಿಕೊಂಡಿದ್ದ ತನ್ನ ಪಾಲಿನಲ್ಲಿ ಅರ್ಧ ಮಾರನ್ನು ಹಿಂದಕ್ಕೆ ಕೊಟ್ಟ. ಮೊದಲ ಹಿಮ ಬಿದ್ದಾಗ ಶಿಖರದ ಕೆಳಗೆ ಮೂರು ಸಾಲು ಉಳಿದಿದ್ದವು. ಒಂದು ರಾತ್ರಿ ಟಾರ್ಪಾಲು ಹೊದಿಸಿ, ಮಾರನೆಯ ದಿನ ಹಿಮ ಗುಡಿಸಿ, ಮೂರನ್ನೂ ಮುಗಿಸಿದರು. ಟಕ್, ಟಕ್‌ಟಕ್. ಮೊದಲಿನಷ್ಟು ಬಿರುಸಿಲ್ಲ, ಆದರೆ ಕುಂಟು ಹೋಗಿತ್ತು.

ಕೊನೆಯ ಸಾಲಿಗೆ ಮೊದಲು ಯಸುಜಿ ಸುತ್ತಿಗೆ ಕೆಳಗಿಟ್ಟು, ಮುಖವನ್ನು ತೊಗಟೆಗೆ ತಾಗುವಷ್ಟು ಬಗ್ಗಿಸಿ ತನ್ನ ಮೊಳೆಗಳನ್ನೇ ನೋಡಿದ. ಬಲಗಡೆಯಿಂದ ಕಿತ್ತುಕೊಂಡ ಮೊಳೆಯನ್ನು ಬೆರಳು ಬೇರೆ ಬಗೆಯಾಗಿ ಹಿಡಿದಿತ್ತು. ಎಲ್ಲವೂ ಕೂದಲೆಳೆಯಷ್ಟು ಬಲಕ್ಕೆ ವಾಲಿದ್ದವು. ಬಗ್ಗಿದವನು ಏಳಲೇ ಇಲ್ಲ. ಏನೋ ಆಯಿತೆಂದು ಒಗಿನೊ ಹತ್ತಿರ ಬಂದರೆ, ಇವನು ತೊಗಟೆಯ ಮೇಲೆ ಕೆನ್ನೆಯಿಟ್ಟು ನಗುತ್ತಿದ್ದ. ಬಾಯಲ್ಲಿ ಮೊಳೆ ಇದ್ದುದರಿಂದ ಏನೂ ಹೇಳಲಾಗದೆ ಬೆರಳಿನಿಂದ ಎಡಗೆನ್ನೆ ತೋರಿಸಿದ, ಬಲಗೆನ್ನೆ ತೋರಿಸಿದ, ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಸೇರಿ ಬಿಚ್ಚಿದ ಆ ಗುಡಿಯ ದಿಕ್ಕಿಗೆ ಕೈಮಾಡಿದ. ಆ ಹಳೆಯ ಕೆಲಸಗಾರನೂ ನಡುವೆ ಕೆನ್ನೆ ಬದಲಾಯಿಸಿದ್ದ ಎಂಬುದು ಒಗಿನೊಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಮೇ ತಿಂಗಳಲ್ಲಿ, ಹೇಳಿದ ಆರು ತಿಂಗಳಿಗೆ ಸರಿಯಾಗಿ, ಯಸುಜಿ ಹಲ್ಲು ತೋರಿಸಲು ಹೋದ. ತೇಪೆ ಹಾಕಿದ ಹಾಗೇ ಇತ್ತು; ಚಹಾದ ಕಲೆಯೂ ಇಲ್ಲ, ಸಂದಿಯಲ್ಲಿ ಕಸವೂ ಇಲ್ಲ. ದಾರ ಆಡಿಸುತ್ತಿದ್ದೀರಿ ಅಂತ ಗೊತ್ತಾಗುತ್ತದೆ ಎಂದು ಡಾಕ್ಟರಮ್ಮ ಹೊಗಳಿದಳು. ಆಮೇಲೆ ಬಲಗಡೆಯ ಮುಂಬಲ್ಲಿನ ಅಂಚಿನ ಮೇಲೆ ಕೊಕ್ಕೆಯ ತುದಿಯನ್ನು ಮೆಲ್ಲಗೆ ಎಳೆದು ನಿಲ್ಲಿಸಿದಳು. ಮತ್ತೆ ಎಳೆದಳು. ಉಗುರಿಗೆ ಸಿಗದ, ಕೊಕ್ಕೆಗೆ ಮಾತ್ರ ಸಿಗುವ ಒಂದು ನಯವಾದ ಜಾಗ. ಬೈಯಬೇಕೋ ಬೇಡವೋ ತಿಳಿಯದೆ, ಇದನ್ನೂ ಬರೆದಿಟ್ಟುಕೊಳ್ಳುತ್ತೇನೆ, ಆರಾರು ತಿಂಗಳಿಗೆ ಬರಲೇಬೇಕು ಎಂದಳು. ಅವನು ಕನ್ನಡಿ ಕೇಳಿ, ಬೆಳಕಿಗೆ ಓರೆ ಹಿಡಿದು, ಏನೂ ಕಾಣದೆ, ಆದರೂ ಬಹಳ ಹೊತ್ತು ನೋಡಿದ. ಆ ಹಳೆಯ ಗುಡಿಯ ಎರಡು ಬಗೆಯ ಮೊಳೆಯ ಕತೆಯನ್ನು ಹೇಳಿದ.

“ಹಾಗಾದ್ರೆ ಈ ಗುಡೀಲೂ ಎರಡು ಬಗೆ ಬಿದ್ದಿದೆ” ಎಂದಳು ಅವಳು. “ಮುಂದೆ ಯಾರಿಗಾದ್ರೂ ಗೊತ್ತಾಗುತ್ತಾ?”

“ನಲವತ್ತು ವರ್ಷ ಆದ್ಮೇಲೆ ಬಿಚ್ಚಿದವನಿಗೆ ಕಾಣ್ಸುತ್ತೆ.”

“ಒಂದು ಚೀಟಿ ಬರೆದು ಒಳಗೆ ಇಡಬಹುದಿತ್ತಲ್ಲ, ಅಶಿದಾ-ಸಾನ್.”

ಯಸುಜಿ ಕನ್ನಡಿಯನ್ನು ಹಿಂದಕ್ಕೆ ಕೊಟ್ಟು, ಬಾಯಿ ಮುಕ್ಕಳಿಸಿ ಉಗುಳಿ, ಎದ್ದುನಿಂತ.

“ಯಾಕಮ್ಮ? ಅವನೂ ಸ್ವಲ್ಪ ತಲೆ ಕೆರ್ಕೊಳ್ಳಲಿ.”